ಪಸ್ತಾನ

ಜಿಪ್ಪು ಅರ್ಧಕ್ಕೆ ಬಂದು ನಿಂತಿತು. ಕಾಂತೇಶ ಚೀಲದ ಮೇಲೆ ಮೊಣಕಾಲೂರಿ ಮತ್ತೊಮ್ಮೆ ಎಳೆದ. ಬರಲಿಲ್ಲ. ಸಿಟ್ಟಿಗೆದ್ದು ಎಲ್ಲವನ್ನೂ ಹಾಸಿಗೆಯ ಮೇಲೆ ಸುರಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತ.

ಉಣ್ಣೆಯ ಬನಿಯನ್ನು, ಮಳೆಯಂಗಿ, ಟವೆಲ್ಲು, ದಾಡಿಯ ಸಾಮಾನು, ಹಲ್ಲುಜ್ಜುವ ಬ್ರಶ್ಶು, ಚಾರ್ಜರು, ಓದುವ ಚಷ್ಮಾ, ದಿನಾ ಚಹ ಕುಡಿಯುವ ಸ್ಟೀಲಿನ ಲೋಟ, ಪಂಕ್ಚರಿನ ಡಬ್ಬಿ, ಒಂದು ಕ್ಲಚ್ಚಿನ ತಂತಿ. ನಲವತ್ತು ದಾಟಿದ ಮನುಷ್ಯ. ಮನೆಯಲ್ಲಿ ತನ್ನವು ಅಂತ ಇದ್ದದ್ದು ಇಷ್ಟೇ ಏನು? ಬೀರುವಿನಲ್ಲಿ ಇನ್ನೂ ಅಂಗಿಗಳಿದ್ದವು ಖರೆ. ಆದರೆ ಅವು ಕಾಲೇಜಿನ ಅಂಗಿಗಳು. ಒಳಗೆ ಯಾರನ್ನು ಹಾಕಿದರೂ ನಡೆಯುತ್ತಿತ್ತು.

ನಾಳೆ ಬೆಳಿಗ್ಗೆ ಅವನು ಬೈಲಹೊಂಗಲದಿಂದ ಲಡಾಖಿಗೆ ಮೋಟಾರ್ ಸೈಕಲ್ ಮೇಲೆ ಹೊರಡುವವನಿದ್ದ. ಯರಗಟ್ಟಿ, ಲೋಕಾಪುರ, ವಿಜಯಪುರ, ಆಮೇಲೆ ಮೊಬೈಲು ತೋರಿಸಿದ ಕಡೆಗೆ.

ಇದಕ್ಕೆಲ್ಲ ಕಾರಣ ಒಂದು ಮಾತು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರೋ, "ರಾಜ್ಯಶಾಸ್ತ್ರದ ಸರು ಸವದತ್ತಿ ಗುಡ್ಡದಾಚಿಗೆ ಏನೈತಿ ಅಂತ ನೋಡಿದಾವ್ರಲ್ಲ ಬಿಡ್ರಿ" ಅಂದಿದ್ದರು. ಎಲ್ಲರೂ ನಕ್ಕಿದ್ದರು. ಅವರ ಬಾಯಿ ಮುಚ್ಚಿಸಲಿಕ್ಕೆ ಕಾಂತೇಶ, "ಈ ರಜಾದಾಗ ಗಾಡಿ ಮ್ಯಾಲ ಲಡಾಖಿಗೆ ಹೋಗಾಂವ ಅದೇನಿ" ಅಂದುಬಿಟ್ಟ. ವಾಣಿಜ್ಯ ಕಲಿಸುವ ಯುವರಾಜ ಟೇಬಲ್ ಗುದ್ದಿ, "ನಾನೂ ಬರತೇನಿ!" ಅಂದ. ಅಲ್ಲಿಗೆ ಕೈ ಮೀರಿತು. ಕಾಲೇಜಿನವರು ಇಬ್ಬರಿಗೂ ಪಟಕಾ ಸುತ್ತಿ, ಶಾಲು ಹೊದಿಸಿ, ಫೋಟೋ ತೆಗೆದು ಊರಿಗೆಲ್ಲ ಹಂಚಿದರು. ಒಮ್ಮೆ ಶಾಲು ಹೊದಿಸಿಕೊಂಡವನು ಹಿಂದೆ ಸರಿಯುವುದು ನಮ್ಮ ಕಡೆ ಆಗುವ ಮಾತಲ್ಲ.

ಮನೆಯಲ್ಲಾದರೂ ಜಗಳ ಆದೀತು ಅಂತ ಅವನು ಕಾದಿದ್ದ. ಊಟಕ್ಕೆ ಕೂತಾಗ ಹೇಳಿದ್ದ. ಹೆಂಡತಿ ಭಾಗ್ಯಾ ಪಲ್ಯೆ ಬಡಿಸುತ್ತಿದ್ದವಳು ಬಡಿಸುತ್ತಲೇ, "ಹೋಗ್ಬರ್ರಿ" ಅಂದಳು. ಅಷ್ಟೇ. ಉಪ್ಪು ಕೊಟ್ಟಷ್ಟು ಸಲೀಸಾಗಿ ಅಂದಳು. ಆಮೇಲೆ ಅವನು ಹೆಲ್ಮೆಟ್ಟು ತಂದ, ಕೈಗವಸು ತಂದ, ಎದೆ-ಭುಜಕ್ಕೆ ಮೆತ್ತೆ ಇರುವ ಕರಿ ಜಾಕೆಟ್ಟು ತಂದ. ಪ್ರತಿಯೊಂದನ್ನೂ ಜಗಳಕ್ಕೆ ಕರೆದಂತೆ ನಡುಮನೆಯಲ್ಲಿಯೇ ಬಿಚ್ಚಿದ. "ಚೊಲೊ ಐತ್ರಿ" ಅಂದಳು ಭಾಗ್ಯಾ. "ಭಾರಿ ಐತಿ ಪಪ್ಪಾ" ಅಂದಳು ಮಗಳು ರೇಣು. ಅವ್ವ ಲಗಮವ್ವ ಜಾಕೆಟ್ಟನ್ನು ಮುಟ್ಟಿ ನೋಡಿ, "ಎಮ್ಮಿ ತೊಗಲೇನ?" ಅಂದಳು.

ಅವನಿಗೆ ಹೋಗುವ ಮನಸ್ಸಿರಲಿಲ್ಲ. ಒಬ್ಬರು, ಈ ಮನೆಯಲ್ಲಿ ಯಾರಾದರೂ ಒಬ್ಬರು, 'ಹೋಗಬ್ಯಾಡ' ಅಂದಿದ್ದರೆ ಸಾಕಿತ್ತು. ಸ್ವಲ್ಪ ಹಾರಾಡುತ್ತಿದ್ದ. ನನ್ನ ಸ್ವಾತಂತ್ರ್ಯ, ನನ್ನ ಬದುಕು ಅಂತ ಭಾಷಣ ಬಿಗಿಯುತ್ತಿದ್ದ. ಕೊನೆಗೆ, ನಿಮ್ಮ ಸಲುವಾಗಿ ಬಿಟ್ಟೇನಿ ನೋಡ್ರಿ ಅಂತ ಉಳಿದುಬಿಡುತ್ತಿದ್ದ. ಯಾರೂ ಅನ್ನಲಿಲ್ಲ. ಇವತ್ತು ಸೋಮವಾರ, ಅನ್ನುವುದಕ್ಕೆ ಇದೊಂದೇ ದಿನ ಉಳಿದಿತ್ತು.

ಬಾಗಿಲಲ್ಲಿ ಲಗಮವ್ವ ನಿಂತಿದ್ದಳು.

"ಯಾವ ದಿಕ್ಕಿಗೆ ಹೊಂಟಿ?"

"ಉತ್ತರಕ್ಕ. ಎಷ್ಟ ಸಲ ಹೇಳ್ಬೇಕವ್ವಾ?"

"ನಾಳೆ ಮಂಗಳವಾರ. ಮಂಗಳವಾರ, ಬುಧವಾರ ಉತ್ತರಕ್ಕ ಶೂಲ. ಹೋಗಬಾರ್ದು."

ಕಾಂತೇಶ ಗಕ್ಕನೆ ತಲೆಯೆತ್ತಿದ. ಬಂತು! ಈ ಮುದುಕಿಯ ಬಾಯಿಂದಲೇ ಬರುವುದಿತ್ತೇನು? ವೈಜ್ಞಾನಿಕ ಮನೋಭಾವದ ಮೇಲೆ ವರ್ಷವರ್ಷವೂ ಪಾಠ ಮಾಡುವ ಆಸಾಮಿ ಶೂಲಕ್ಕೆ ಕೈ ಮುಗಿಯಲಿಕ್ಕೆ ತಯಾರಾದ.

"ಮತ್ತ ಏನ ಮಾಡಂತಿ?"

"ಮಾಡೂದೇನು? ಇವತ್ತ ಪಸ್ತಾನ ಇಟ್ಟಬಿಡು."

ಪಸ್ತಾನ ಅಂದರೆ ಪ್ರಸ್ಥಾನ. ಹೊರಡುವ ದಿನ ಸರಿಯಿಲ್ಲದಿದ್ದರೆ, ಸರಿಯಿರುವ ಹಿಂದಿನ ದಿನವೇ ಪ್ರಯಾಣದ ಗಂಟನ್ನು ಪೂಜೆ ಮಾಡಿ, ಹೋಗುವ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊಸ್ತಿಲು ದಾಟಿತೆಂದರೆ ಮನುಷ್ಯ ಹೊರಟ ಲೆಕ್ಕ. ಆಮೇಲೆ ಅವನು ಯಾವಾಗ ಬೇಕಾದರೂ ಗಂಟು ಎತ್ತಿಕೊಂಡು ಹೋಗಬಹುದು, ಶೂಲ ತಟ್ಟುವುದಿಲ್ಲ. ಗ್ರಹಗಳಿಗೆ ಇದು ಗೊತ್ತಾಗುವುದಿಲ್ಲ ಅಂತ ನಮ್ಮ ಹಿರಿಯರ ನಂಬಿಕೆ.

ಓಣಿಯ ಆಚೆ, ಸರಿಯಾಗಿ ಉತ್ತರಕ್ಕೆ, ರಹಿಮಾನಸಾಬನ ಮನೆ. ಗಾಡಿಗಳಿಗೆ ಸೀಟು ಹೊಲಿಯುವವನು. ಕಾಂತೇಶನ ಗಾಡಿಗೆ ಮೆತ್ತಗಿನ ಹೊಸ ಸೀಟನ್ನು ಅವನೇ ಹೊಲಿದುಕೊಟ್ಟಿದ್ದ. ಲಗಮವ್ವ ಅಂಗಳದಿಂದಲೇ ಕೂಗಿದಳು. ಅವನು ಸೂಜಿಯನ್ನು ಅಂಗಿಗೆ ಚುಚ್ಚಿಕೊಂಡೇ ಬಂದ.

"ಇಡ್ರೆವ್ವಾ, ಅದಕ್ಕೇನು? ನಮ್ಮ ಅಮ್ಮಗೂ ಜೋಡಿ ಆಕ್ಕೈತಿ. ಕಣ್ಣ ಪೂರಾ ಮಂಜ ಆಗ್ಯಾವು, ದಿನಾ ಗ್ವಾಡಿ ಜೋಡಿ ಮಾತಾಡ್ಕೋತ ಕುಂದ್ರತಾಳ."

ಅವನೇ ಹಾಸಿಗೆಯ ಮೇಲಿನದನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿ, ಮೊಣಕಾಲು ಕೊಟ್ಟು ಜಿಪ್ಪು ಎಳೆದ. ಹೋಯಿತು. ಕಾಂತೇಶನಿಗೆ ಅದೂ ಒಂದು ಅವಮಾನವಾಗಿ ಕಂಡಿತು.

ಭಾಗ್ಯಾ ಕೈ ಒರೆಸಿಕೊಂಡು ಬಂದು ಚೀಲಕ್ಕೆ ಅರಿಷಿಣ-ಕುಂಕುಮ ಹಚ್ಚಿದಳು. ಕಾಂತೇಶನ ಅಂಗೈಗೆ ಮೊಸರು-ಸಕ್ಕರೆ ಹಾಕಿದಳು. ಅವಳ ಬೆರಳಿಗೆ ಜೋಳದ ಹಿಟ್ಟು ಹತ್ತಿತ್ತು. ಮುಖ ನೋಡಿದ. ಅವಳು ಚೀಲದ ಪಟ್ಟಿಯನ್ನು ನೋಡುತ್ತಿದ್ದಳು.

"ಹೆಲ್ಮೆಟ್ಟು, ಜಾಕೀಟು?" ಅಂದಳು.

"ಅವು ಇರ್ಲಿ, ನಾಳೆ ಹಾಕ್ಕೋತೇನಿ."

"ಜೋಡಿ ಹೋಗೂವು ಎಲ್ಲಾ ಹೋಗ್ಬೇಕು," ಲಗಮವ್ವ ಅಂದಳು. "ಅರ್ಧ ಮನ್ಯಾಗ, ಅರ್ಧ ಹೊರಗ ಅಂತ ಇರಬಾರ್ದು."

ರಹಿಮಾನಸಾಬ ಚೀಲವನ್ನು ಹೆಗಲಿಗೇರಿಸಿ, ಹೆಲ್ಮೆಟ್ಟು ಜಾಕೆಟ್ಟು ಕೈಗವಸುಗಳನ್ನು ಎದೆಗವಚಿಕೊಂಡು ಹೊಸ್ತಿಲು ದಾಟಿದ. ಲಗಮವ್ವ ಅವನ ಹಿಂದೆ ನೀರು ಚಿಮುಕಿಸಿ, ಒಳಗೆ ನಿಂತಿದ್ದ ಮಗನ ಕಡೆಗೆ ತಿರುಗಿದಳು.

"ಅಲ್ಲಿಗೆ ನೀ ಹೋದಂಗಾತು. ಸಿರಸಂಗಿ ಕಾಳವ್ವ ಕಾಯ್ಲಿ. ಗಂಟು ಹೊಳ್ಳಿ ಒಳಗ ಬರಬಾರ್ದು ನೋಡ ಮತ್ತ. ನೆಪ್ಪಿರ್ಲಿ."

ಭಾಗ್ಯಾ ಒಳಗೆ ಹೋದಳು. ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು. ನಡುಮನೆಯಲ್ಲಿ ಕಾಂತೇಶ ಒಬ್ಬನೇ, ಮೊಸರಿನ ಕೈ ಹಿಡಿದು ನಿಂತಿದ್ದ. ಎಲ್ಲಿ ಒರೆಸಿಕೊಳ್ಳಬೇಕು ತಿಳಿಯಲಿಲ್ಲ.

ಸ್ನಾನಕ್ಕೆ ಹೋದಾಗ ಟವೆಲ್ಲು ಇರಲಿಲ್ಲ. ಬ್ರಶ್ಶೂ ಇರಲಿಲ್ಲ. ದಾಡಿಯ ಸಾಮಾನು ಇದ್ದ ಜಾಗದಲ್ಲಿ ಒಂದು ದುಂಡನೆಯ ಕಲೆ ಮಾತ್ರ ಇತ್ತು. ನೆನಪಾಗಿ ನಗು ಬಂತು. ನಗು ಬಹಳ ಹೊತ್ತು ಉಳಿಯಲಿಲ್ಲ.

"ಟವೆಲ್ ಕೊಡs ಭಾಗ್ಯಾ."

ಅವಳು ಬಾಗಿಲ ಸಂದಿಯಿಂದ ಕೊಟ್ಟಳು. ಮಡಿಕೆ ಬಿಚ್ಚದ, ಡಾಂಬರು ಗುಳಿಗೆಯ ವಾಸನೆಯ ಟವೆಲ್ಲು.

"ಇದ್ಯಾವುದು?"

"ಪಾವಣ್ಯಾರು ಬಂದ್ರ ಕೊಡೂದು."

ಬೀಗರಿಗೆ, ನೆಂಟರಿಗೆ ಕೊಡುವ ಟವೆಲ್ಲಿನಿಂದ ಮೈ ಒರೆಸಿಕೊಂಡು ಕಾಂತೇಶ ಹೊರಬಂದ. ಹೊಸ ಬಟ್ಟೆ ನೀರು ಹೀರಲಿಲ್ಲ. ಹಸಿ ಬೆನ್ನಿನಲ್ಲೇ ಅಂಗಿ ಹಾಕಿಕೊಂಡು ತನ್ನ ಕೋಣೆಗೆ ಹೋದರೆ, ರೇಣು ಅವನ ಟೇಬಲ್ಲಿನ ಮೇಲಿನ ಪುಸ್ತಕಗಳನ್ನು ಕಿಟಕಿಗೆ ಸಾಗಿಸುತ್ತಿದ್ದಳು. ಹತ್ತನೇ ಇಯತ್ತೆಯ ಹುಡುಗಿ. ತನ್ನ ಪುಸ್ತಕಗಳನ್ನು ಆಗಲೇ ಜೋಡಿಸಿಟ್ಟಿದ್ದಳು.

"ನಾ ಇನ್ನೂ ಹೋಗಿಲ್ಲವಾ."

"ಗೊತ್ತೈತಿ ಪಪ್ಪಾ. ಇಲ್ಲಿ ಬೆಳಕ ಚೊಲೊ ಬರ್ತೈತಿ." ತಲೆ ಎತ್ತಿ ನೋಡಿ, "ನಿಮಗ ಬೇಕಿತ್ತೇನ್ರಿ?" ಅಂದಳು.

"ಇಲ್ಲಿಲ್ಲ. ಓದು."

ನೀವು ಹೋಗಬ್ಯಾಡ್ರಿ ಪಪ್ಪಾ ಅನ್ನುವ ವಯಸ್ಸು ಅವಳಿಗೆ ಎಂದು ಮುಗಿಯಿತು? ಒಂದು ಕಾಲಕ್ಕೆ ಧಾರವಾಡಕ್ಕೆ ಹೋಗುವಾಗಲೂ ಗಾಡಿಯ ಚಾವಿ ಕಸಿದುಕೊಂಡು ಅಳುತ್ತಿದ್ದಳು. ಅವನು ಬೈಯುತ್ತಿದ್ದ. ಬೈದು ಬೈದು ಬಿಡಿಸಿದ್ದು ತಾನೇ, ಬೇರೆ ಯಾರೂ ಅಲ್ಲ.

ಮೊಬೈಲು ಬಡಕೊಂಡಿತು. ಯುವರಾಜ.

"ಸರ, ಸ್ವಲ್ಪ ಲಫಡಾ ಆಗೇತ್ರಿ."

"ಏನಾತು?"

"ನಮ್ಮಕಿ ಕೇಳವಲ್ಲಳ್ರಿ. ಮುಂಜಾನಿಂದ ಅಳಾಕ ಹತ್ತ್ಯಾಳ. ನೀರು ಸೈತ ಕುಡದಿಲ್ಲ. ಗಾಡಿ ಚಾವಿ ಎಲ್ಲಿ ಮುಚ್ಚಿಟ್ಟಾಳೋ ಏನೋ… ಹಿಟ್ಟಿನ ಡಬ್ಬಿ ಒಳಗ ಸೈತ ಕೈ ಹಾಕಿ ಹುಡಿಕಿದೆ. ನೀವs ಹೇಳ್ರಿ, ಏನ್ ಮಾಡ್ಲಿ?"

ಅವನ ದನಿಯಲ್ಲಿ ಬೇಸರ ಇತ್ತು. ಬೇಸರದ ಬುಡದಲ್ಲಿ ಇದ್ದದ್ದು ಹೆಮ್ಮೆ. ಕಾಂತೇಶನಿಗೆ ಹೊಟ್ಟೆ ಉರಿಯಿತು. ಇಂಥ ಹೊಟ್ಟೆಕಿಚ್ಚು ಯಾರ ಪ್ರಮೋಶನ್ನಿಗೂ, ಯಾರ ಹೊಸ ಮನೆಗೂ ಬಂದಿರಲಿಲ್ಲ. ಹಿಟ್ಟಿನ ಡಬ್ಬಿಯಲ್ಲಿ ಕೈ ಹಾಕಿ ಹುಡುಕುವ ಭಾಗ್ಯ ಎಷ್ಟು ಮಂದಿಗಿದೆ?

"ಇರ್ಲಿ ಬಿಡ್ರಿ. ಮನಿ ಮುಖ್ಯ," ಅಂದ.

"ನೀವು ಹೋಗ್ತೀರೇನ್ರಿ ಒಬ್ರ?"

"ನೋಡ್ತೇನಿ."

ಆದರೆ ಫೋನು ಇಟ್ಟ ಮೇಲೆ ಮೈ ಹಗುರಾಯಿತು. ಒಬ್ಬನೇ ಹೋಗುವುದು! ಇದು ಸಣ್ಣ ಮಾತಲ್ಲ. ಹಿಮದ ಘಾಟಿ, ಮೊಬೈಲಿಗೆ ರೇಂಜಿಲ್ಲದ ರಸ್ತೆ, ಜೊತೆಗೆ ತನ್ನ ಬಿ.ಪಿ. ಯಾವ ಹೆಂಡತಿ ಸುಮ್ಮನಿದ್ದಾಳು? ಅಡುಗೆಮನೆಯ ಬಾಗಿಲಿಗೆ ಹೋಗಿ ಒರಗಿ ನಿಂತ. ಭಾಗ್ಯಾ ಪ್ರಯಾಣದ ಬುತ್ತಿಗೆ ಕಡಕ್ ರೊಟ್ಟಿ ಮಾಡುತ್ತಿದ್ದಳು. ಬುಟ್ಟಿ ಆಗಲೇ ಅರ್ಧ ತುಂಬಿತ್ತು. ಬೆವರು ಹಣೆಯ ಕುಂಕುಮವನ್ನು ಮೂಗಿನ ತನಕ ಇಳಿಸಿತ್ತು.

"ಯುವರಾಜ ಬರಾಂಗಿಲ್ಲಂತ."

"ಯಾಕ್ರಿ?"

"ಅವನ ಹೇಣ್ತಿ ಬ್ಯಾಡ ಅಂದ್ಳಂತ."

ರೊಟ್ಟಿ ಬಡಿಯುವ ಕೈ ನಿಂತಿತು.

"ಹಂಗಾರ ನೀವೊಬ್ರನ?"

"ಹ್ಞೂಂ. ನಾನೊಬ್ಬನ."

ಭಾಗ್ಯಾ ಹಂಚಿನ ಮೇಲಿನ ರೊಟ್ಟಿಯನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. ಏನೋ ಹೇಳಲಿಕ್ಕೆ ಬಾಯಿ ತೆರೆದಳು.

"ರೊಟ್ಟಿ ಕಡಿಮಿ ಮಾಡ್ಲೇನು?"

"ಮಾಡು," ಅಂದ ಕಾಂತೇಶ.

ಹೋಗಿ ನಡುಮನೆಯಲ್ಲಿ ಕೂತ. ಅವಳು ಸ್ವಲ್ಪ ಹೊತ್ತಿಗೆ ಹೊರಬಂದು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಗೋಡೆ ಕಡೆ ನೋಡಿ ಅಂದಳು: "ನೀವು ಬರೂದ್ರಾಗ ಈ ಗ್ವಾಡಿಗೆ ಬಣ್ಣಾ ಹಚ್ಚಸ್ತೇನ್ರಿ. ನಿಮಗೂ ಬಣ್ಣದ ವಾಸನಿ ಆಗಾಂಗಿಲ್ಲ. ಸುರೇಬಾನದಿಂದ ಅಕ್ಕನ್ನ ಕರಸ್ಕೋತೇನಿ."

"ಯಾವ ಬಣ್ಣ?"

"ಯಾವುದಾರ. ನೀವ ಹೇಳ್ರಿ."

"ಯಾವುದಾರ."

ಹದಿನೇಳು ವರ್ಷದ ಸಂಸಾರ. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಗೌರವಿಸುತ್ತಿದ್ದರು. ಒಬ್ಬರು ಹಾಕಿಕೊಂಡ ಬಾಗಿಲನ್ನು ಇನ್ನೊಬ್ಬರು ತಟ್ಟುತ್ತಿರಲಿಲ್ಲ.

ಊಟಕ್ಕೆ ಕೂತಾಗ ಅಂಗಳದಲ್ಲಿ ಬೀರವ್ವನ ದನಿ ಕೇಳಿತು. ಹಿಂದಿನ ಓಣಿಯವಳು, ಮಜ್ಜಿಗೆ ಕೊಡಲಿಕ್ಕೆ ಬಂದಿದ್ದಳು.

"ಸರ್ ಹೋದ್ರೇನಬೇ?"

"ಹೋದಾ," ಅಂದಳು ಹೊಸ್ತಿಲಲ್ಲಿ ಕೂತ ಲಗಮವ್ವ. "ಮುಂಜಾನೆನ ಪಸ್ತಾನ ಆತು."

"ಮನಿ ಬಣಬಣ ಅನ್ನತಿರಬೇಕಲಾ?"

"ಏನ್ ಮಾಡೂದವಾ? ರೂಢಿ ಆಕ್ಕೈತಿ."

ತುತ್ತು ಕೈಯಲ್ಲೇ ಉಳಿಯಿತು. ನಾನು ಇಲ್ಲೇ ಇದ್ದೇನೆ ಅಂತ ಕೂಗಬೇಕು ಅನಿಸಿತು. ಕೆಮ್ಮಿದ. ಬೀರವ್ವ ಇಣುಕಿ ನೋಡಿ, "ಅಯ್ಯ, ಇಲ್ಲೇ ಅದಾರ!" ಅಂತ ನಾಚಿ ಸೆರಗು ಬಾಯಿಗೆ ಹಿಡಿದು ಹೋದಳು. ಇರಬಾರದ ಕಡೆ ಇದ್ದವನನ್ನು ನೋಡಿದ ನಾಚಿಕೆ ಅದು.

ಇನ್ನು ತಡೆಯಲಾಗಲಿಲ್ಲ. ಕೈ ತೊಳೆದುಕೊಂಡು ಬಂದು, ಯಾರ ಮುಖವನ್ನೂ ನೋಡದೆ ಅಂದ: "ಅವ್ವಾ, ನಾ ಹೋಗೂದಿಲ್ಲ ಅಂತ ಮಾಡೇನಿ."

ಲಗಮವ್ವ ಎಲೆ-ಅಡಿಕೆ ಕುಟ್ಟುತ್ತಿದ್ದ ಒರಳನ್ನು ಕೆಳಗಿಟ್ಟಳು. ಮುಖದಲ್ಲಿ ಸಂತೋಷ ಕಾಣಲಿಲ್ಲ, ಅಂಜಿಕೆ ಕಾಣಿಸಿತು.

"ಹುಚ್ಚಗಿಚ್ಚ ಹಿಡಿದೈತೇನ ನಿನಗ? ಇಟ್ಟ ಪಸ್ತಾನ ಹೊಳ್ಳಿ ತರಾಕ ಬರ್ತೈತೇನ? ನಮ್ಮ ಸೋದರಮಾವ ಒಬ್ಬ, ಅಂದಾನೆಪ್ಪ ಅಂತ, ಹಿಂಗ ಮಾಡಿದ್ದ. ಗಂಟು ಇಟ್ಟು, ಮನಸ ಬದಲ ಮಾಡಿ, ಮನಿಯಾಗ ಉಳದ. ಉಳದ ಖರೆ… ಆದ್ರ ಇದ್ದಂಗ ಇರಲಿಲ್ಲ. ಉಣ್ಣಾಕ ಕರದ್ರ ಬರತಿದ್ದ, ಕರೀದಿದ್ರ ಇಲ್ಲ. ಸೀಮಿ ದಾಟಿ ಹೋಗಬೇಕಪ್ಪಾ. ಹೋಗಿ ಬೇಕಾದ್ರ ಹೊಳ್ಳಿ ಬಾ. ಹೋಗದ ಹೆಂಗ ಬರತಿ?"

ಭಾಗ್ಯಾ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ಕೈಯಲ್ಲಿ ರೊಟ್ಟಿ ಕಟ್ಟುವ ಬಿಳಿ ಅರಿವೆ.

"ಏನಂದ್ರಿ?"

ಅವಳ ದನಿ ಎಂದಿನಂತೆ ಇರಲಿಲ್ಲ. ಅರಿವೆಯನ್ನು ಮುಷ್ಟಿಯಲ್ಲಿ ಮುದುಡಿ ಹಿಡಿದಿದ್ದಳು. ಕಾಂತೇಶ ಅದನ್ನು ನೋಡಿದ. ಈಗ ಅನ್ನಬೇಕಿತ್ತು. ನನಗ ಹೋಗೂ ಮನಸ್ಸಿಲ್ಲ, ನೀ ಬ್ಯಾಡ ಅನ್ನು. ಮೂರ್ನಾಲ್ಕು ಮಾತು. ಸಂವಿಧಾನದ ಕಲಮುಗಳನ್ನು ಪುಸ್ತಕ ನೋಡದೆ ಹೇಳುವವನಿಗೆ ಮೂರ್ನಾಲ್ಕು ಮಾತು. ಮೊದಲು ಅವಳು ಅನ್ನಲಿ ಅಂತ ಕಾದ.

"ಏನಿಲ್ಲ," ಅಂದ.

"ಚಟ್ನಿ ಎಷ್ಟ ಹಾಕ್ಲಿ ಅಂತ ಕೇಳಾಕ ಬಂದಿದ್ದೆ," ಅಂದಳು ಭಾಗ್ಯಾ. ಅರಿವೆಯನ್ನು ನೀಟಾಗಿ ಬಿಚ್ಚಿ, ಸುಕ್ಕು ಸವರಿ, ಒಳಗೆ ಹೋದಳು.

ಮಧ್ಯಾಹ್ನವೆಲ್ಲ ಅವನು ಮನೆಯೊಳಗೆ ತಿರುಗಾಡಿದ. ಕೂತಲ್ಲಿ ಕೂರಲಾಗಲಿಲ್ಲ. ಕೋಣೆಯಲ್ಲಿ ರೇಣು ಓದುತ್ತಿದ್ದಳು. ಹಾಸಿಗೆಯ ಮೇಲೆ ಒಣಗಿದ ಬಟ್ಟೆಯ ಗುಡ್ಡೆ ಬಿದ್ದಿತ್ತು. ಪೇಪರು ಓದಲು ಚಷ್ಮಾ ಇರಲಿಲ್ಲ. ಮೊಬೈಲು ಚಾರ್ಜಿಲ್ಲದೆ ಸತ್ತಿತು. ಚಹವನ್ನು ಭಾಗ್ಯಾ ಕಪ್ಪು-ಬಶಿಯಲ್ಲಿ ಕೊಟ್ಟಳು, ಅವನ ಲೋಟ ಇರಲಿಲ್ಲವಲ್ಲ. ಕಪ್ಪಿಗೆ ಬಂಗಾರದ ಅಂಚು. ಅವನು ಪಡಸಾಲೆಯ ಖುರ್ಚಿಯ ತುದಿಗೆ ಕೂತು ಕುಡಿದು, "ಚಹ ಚೊಲೊ ಆಗೇತಿ" ಅಂದ. ಈ ಮನೆಯಲ್ಲಿ ಅವನು ಹಾಗೆ ಅಂದದ್ದು ಅದೇ ಮೊದಲು.

ಸಂಜೆಗೆ ತಲೆ ಭಾರವಾಗತೊಡಗಿತು. ಕಿವಿಯ ಹಿಂದೆ ನರ ಮಿಡಿಯುತ್ತಿತ್ತು. ಬಿ.ಪಿ. ಮಾತ್ರೆ ತಗೊಂಡಿರಲಿಲ್ಲ. ಮಾತ್ರೆ ಜಾಕೆಟ್ಟಿನ ಎದೆಯ ಜೇಬಿನಲ್ಲಿತ್ತು. ದಾರಿಯಲ್ಲಿ ಕೈಗೆ ಸಿಗಲಿ ಅಂತ ತಾನೇ ಅಲ್ಲಿ ಇಟ್ಟಿದ್ದ.

"ಎಲ್ಲಿ ಹೊಂಟಿ?" ಲಗಮವ್ವ ಕೇಳಿದಳು.

"ರಹಿಮಾನಸಾಬರ ಮನಿಗೆ. ಮಾತ್ರಿ ತಗೋಬೇಕು."

"ಅಲ್ಲೇ ತಗೊಂಡು ಬಾ. ಏನೂ ಒಳಗ ತರಬ್ಯಾಡ."

ಓಣಿ ದಾಟಿದ. ರಹಿಮಾನಸಾಬ ಅಂಗಡಿಯಲ್ಲಿದ್ದ. ದೂರದಿಂದ ಹೊಲಿಗೆ ಯಂತ್ರದ ಸಪ್ಪಳ ಬರುತ್ತಿತ್ತು. ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ದೀಪ ಹಚ್ಚಿರಲಿಲ್ಲ. ಮಾತು ಕೇಳಿ ಕಾಂತೇಶ ಬಾಗಿಲಲ್ಲೇ ನಿಂತ.

ಚಾಪೆಯ ಮೇಲೆ ರಹಿಮಾನಸಾಬನ ತಾಯಿ ಕಾಶಿಂಬಿ ಕೂತಿದ್ದಳು. ಎದುರಿಗೆ ಬೆತ್ತದ ಖುರ್ಚಿ. ಖುರ್ಚಿಯಲ್ಲಿ ಯಾರೋ ಕೂತಿದ್ದರು.

ಯಾರೆಂದು ತಿಳಿಯಲಿಕ್ಕೆ ಒಂದು ಗಳಿಗೆ ಬೇಕಾಯಿತು. ಚೀಲವನ್ನು ಖುರ್ಚಿಯಲ್ಲಿ ನಿಲ್ಲಿಸಿ, ಜಾಕೆಟ್ಟು ಸುಕ್ಕಾಗಬಾರದೆಂದು ರಹಿಮಾನಸಾಬ ಅದಕ್ಕೇ ತೊಡಿಸಿ ಜಿಪ್ಪು ಹಾಕಿದ್ದ. ತೋಳುಗಳು ಖುರ್ಚಿಯ ಕೈಗಳ ಮೇಲೆ ಬಿದ್ದಿದ್ದವು. ತೋಳಿನ ತುದಿಗೆ ಕೈಗವಸು. ಮೇಲೆ ಹೆಲ್ಮೆಟ್ಟು. ಸೀಟು ಹೊಲಿಯುವವನ ಕೈಚಳಕ. ಎಲ್ಲೂ ಓರೆಕೋರೆ ಇರಲಿಲ್ಲ.

ಕಾಶಿಂಬಿ ಒಂದು ಕೈಗವಸನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದಿದ್ದಳು.

"ನಿಮ್ಮವ್ವ ಹೇಳಾಂಗಿಲ್ಲೋ ಬೇಟಾ," ಅನ್ನುತ್ತಿದ್ದಳು. "ಅಕಿ ಮದಲಿಂದ್ಲೂ ಬಿಗಿ ಹೆಂಗಸು. ಭಾಗ್ಯಾನೂ ಹೇಳಾಂಗಿಲ್ಲ, ಅಕಿಗೆ ನಿನ್ನ ಅಂಜಿಕಿ. ನನಗೇನ ಅಂಜಿಕಿ? ಸಣ್ಣಾಂವ ಇದ್ದಾಗ ನನ್ನ ತೊಡಿ ಮ್ಯಾಲ ಉಚ್ಚಿ ಹೊಯ್ದಾಂವ ನೀ. ನಾ ಹೇಳತೇನಿ ಕೇಳು. ಹೋಗಬ್ಯಾಡ. ಅಷ್ಟು ದೂರ ಹೋಗಬ್ಯಾಡೋ ನನ ಕೂಸs. ಇಲ್ಲೇ ಇರು."

ಕಾಂತೇಶನ ಕಣ್ಣು ತುಂಬಿ ಬಂದವು. ದಿನವೆಲ್ಲ ಕಾದ ಮಾತು! ಅದಕ್ಕೆ ಉತ್ತರವನ್ನು ಎಂದೋ ತಯಾರು ಮಾಡಿಟ್ಟುಕೊಂಡಿದ್ದ. ಒಂದು ಹೆಜ್ಜೆ ಒಳಗಿಟ್ಟ.

ಕಾಶಿಂಬಿ ತಲೆ ಹೊರಳಿಸಿದಳು. "ಯಾರದು?"

"ನಾನ್ರೀ ಅಮ್ಮಾ."

"ನಾನಂದ್ರ ಯಾರು?"

"ಕಾಂತೇಶ."

ಮುದುಕಿ ಬಚ್ಚುಬಾಯಿ ತೆರೆದು ನಕ್ಕಳು.

"ಚಾಷ್ಟಿ ಮಾಡ್ತಿಯೇನೋ ನನ್ನ? ಕಾಂತೇಶ ಇಲ್ಲೇ ಕುಂತಾನ. ಮುಂಜಾನಿಂದ ಕುಂತಾನ, ಪಾಪ, ನಾ ಅಂದದ್ದೆಲ್ಲಾ ಕೇಳಾಕ ಹತ್ತ್ಯಾನ. ಮಾತಾಡಾಕ ಹತ್ತೇವಿ, ಆಮ್ಯಾಲ ಬಾ ಹೋಗು."

ಅವಳು ತಡಕಾಡಿ, ಪಕ್ಕದಲ್ಲಿದ್ದ ಕಪ್ಪಿನಿಂದ ಬಶಿಗೆ ಚಹ ಸುರಿದಳು. ಉಫ್ ಉಫ್ ಅಂತ ಊದಿದಳು. ಬಶಿಯನ್ನು ಎತ್ತಿ ಹೆಲ್ಮೆಟ್ಟಿನ ಗಾಜಿಗೆ ಹಿಡಿದಳು. ಚಹ ಕರಿ ಗಾಜಿನ ಮೇಲಿಂದ ಜಾರಿ ಜಾಕೆಟ್ಟಿನ ಎದೆಯ ಮೇಲೆ ಹರಿಯಿತು, ಜೇಬಿನ ಮೇಲೂ ಹರಿಯಿತು.

"ಅಯ್ಯ, ಎದಿ ತುಂಬ ಚೆಲ್ಲಿಕೊಂಡ್ಯಲ್ಲೋ," ಅಂತ ಕಾಶಿಂಬಿ ಸೆರಗಿನ ತುದಿಯಿಂದ ಒರೆಸತೊಡಗಿದಳು.

ಬಾಗಿಲಲ್ಲಿ ನಿಂತ ಕಾಂತೇಶ ತನ್ನ ಎದೆಯನ್ನು ಒರೆಸಿಕೊಂಡ. ಒಣಗಿತ್ತು.